ಆಟಿಕೆ ಸೈನಿಕನಿಗೆ ಕುದುರೆ ಹತ್ತಿಸುವುದು: ದುರ್ಗದ ಕೋಟೆ ಸೆಟ್ಟಿಗೆ ಯಾವ ದಾರಿ ಸರಿ?

ಚಿತ್ರದುರ್ಗದ ಕೋಟೆಯ ಆಟಿಕೆ ಸೆಟ್ಟಿನಲ್ಲಿ ಕೋಟೆ ಮಾಡುವುದು ಸುಲಭ. ಥರ್ಮಾಕೋಲ್ ಹಾಳೆ, ಕಟರ್, ಬೂದು ಬಣ್ಣ ಇದ್ದರೆ ಏಳು ಸುತ್ತನ್ನೂ ಎರಡು ಭಾನುವಾರದಲ್ಲಿ ಎಬ್ಬಿಸಬಹುದು. ಕೆಲಸ ನಿಲ್ಲುವುದು ಬಾಗಿಲ ಮುಂದೆ ಕುದುರೆ ಸವಾರರು ಬೇಕು ಎಂದಾಗ. ದಾವಣಗೆರೆ, ದುರ್ಗದ ಆಟಿಕೆ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ಹುಡುಕಿದರೆ ಸಿಗುವುದು ಹಸಿರು ಮಿಲಿಟರಿ ಸೈನಿಕರು, ಕೌಬಾಯ್ ಸೆಟ್ಟು, ಕಾಡುಪ್ರಾಣಿಗಳ ಪ್ಯಾಕೆಟ್ಟು. ಮುಂಡಾಸು ಸುತ್ತಿ ಈಟಿ ಹಿಡಿದ ಸವಾರನನ್ನು ಇವುಗಳಿಂದಲೇ ಮಾಡಿಕೊಳ್ಳಬೇಕು.

ದಾರಿ ನಾಲ್ಕಿವೆ. ಸೈನಿಕನ ಮೇಲರ್ಧವನ್ನು ಕೌಬಾಯ್ ಕಾಲಿನ ಮೇಲೆ ಕೂರಿಸುವುದು, ಅಂದರೆ ಸೊಂಟ ಬದಲಿ, ಒಂದು. ನಿಂತ ಸೈನಿಕನ ಕಾಲನ್ನೇ ಬಿಸಿನೀರಲ್ಲಿ ಬಗ್ಗಿಸುವುದು ಎರಡು. ಆನ್‌ಲೈನಲ್ಲಿ ಸಿಗುವ ಯುರೋಪಿನ ನೈಟ್ (ಉಕ್ಕಿನ ಕವಚ ತೊಟ್ಟ ಯೋಧ) ಸವಾರನ ತಲೆ, ವೇಷ ಬದಲಿಸುವುದು ಮೂರು. ತಂತಿಯ ಮೇಲೆ ಎಂ-ಸೀಲ್ ಮೆತ್ತಿ ಪೂರ್ತಿ ಹೊಸದಾಗಿ ಮಾಡುವುದು ನಾಲ್ಕು. ಹತ್ತು ಸವಾರರ ಪಡೆ ಬೇಕಿದ್ದರೆ ಮೊದಲನೆಯದನ್ನೇ ಹಿಡಿಯಿರಿ. ಮಿಕ್ಕ ಮೂರಕ್ಕೂ ಅವುಗಳದೇ ಜಾಗವಿದೆ, ಆದರೆ ಕಿರಿದು. ಯಾಕೆ ಎನ್ನುವುದು ಮುಂದಿದೆ.

ಯಾವ ಕಾಲ, ಯಾವ ದೃಶ್ಯ

ನಮ್ಮ ಕಡೆ ಕೋಟೆಯ ಸೆಟ್ಟು ಎಂದರೆ ಹೆಚ್ಚಿನವರ ತಲೆಯಲ್ಲಿರುವುದು 1972ರ ‘ನಾಗರಹಾವು’ ಚಿತ್ರದ ಒಬವ್ವನ ಭಾಗ. ಪುಟ್ಟಣ್ಣ ಕಣಗಾಲರ ಆ ಚಿತ್ರದಲ್ಲಿ ಒನಕೆ ಹಿಡಿದ ಜಯಂತಿಯವರನ್ನು ನೋಡಿ ಬೆಳೆದವರೇ ಈಗ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸೆಟ್ಟು ಮಾಡಿಕೊಡುತ್ತಿರುವುದು. ಒಂದು ವಿಷಯ ಮರೆಯಬೇಡಿ. ಕಿಂಡಿಯ ಬಳಿ ಕುದುರೆಗೆ ಕೆಲಸವಿಲ್ಲ, ಅಲ್ಲಿ ಶತ್ರು ತೆವಳಿಕೊಂಡು ಬರುತ್ತಾನೆ. ಮಿಲಿಟರಿ ಪ್ಯಾಕೆಟ್ಟಿನಲ್ಲಿ ಹೊಟ್ಟೆಯ ಮೇಲೆ ಮಲಗಿ ತೆವಳುವ ಸೈನಿಕ ಇದ್ದೇ ಇರುತ್ತಾನೆ, ಅವನಿಗೆ ಮುಂಡಾಸು ಸುತ್ತಿದರೆ ಕಿಂಡಿಯ ಪಾತ್ರ ಸಿದ್ಧ. ಸವಾರರು ಕೆಳಗಿನ ಬಯಲಿನಲ್ಲಿ, ರಂಗಯ್ಯನ ಬಾಗಿಲಿನ ಆಚೆ ನಿಲ್ಲಬೇಕಾದವರು.

ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಪುಸ್ತಕದ ಲೆಕ್ಕದಲ್ಲಿ ಅದು ಮಧ್ಯಯುಗವಲ್ಲ, ಕೋವಿ ಫಿರಂಗಿಗಳ ಕಾಲ. ಆದರೂ ಈಟಿ, ಬಾಗಿದ ಕತ್ತಿ, ದುಂಡನೆಯ ಗುರಾಣಿ, ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ಕುದುರೆಪಡೆಯಲ್ಲಿ ಆಗಲೂ ಇದ್ದವು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಮತ್ತಿ ತಿಮ್ಮಣ್ಣ ನಾಯಕನ ಕಾಲ, ಅಂದರೆ ವಿಜಯನಗರದ ಕೊನೆಯ ಘಟ್ಟ. ಅದಕ್ಕೆ ಮಾದರಿ ಹಂಪಿಯಲ್ಲಿದೆ. ಹಜಾರರಾಮ ದೇವಸ್ಥಾನದ ಹೊರಗೋಡೆಯ ಸಾಲುಗಳಲ್ಲೂ ಮಹಾನವಮಿ ದಿಬ್ಬದ ಕಲ್ಲುಗಳಲ್ಲೂ ಕುದುರೆಗಳು ಮೆರವಣಿಗೆ ಹೊರಟಿವೆ. ಅಲ್ಲಿ ತೆಗೆದ ನಾಲ್ಕು ಫೋಟೊ ಎದುರಿಗಿದ್ದರೆ ಲಗಾಮು ಎಲ್ಲಿ, ಎದೆಪಟ್ಟಿ ಎಲ್ಲಿ ಎಂಬ ಗೊಂದಲ ಬರುವುದಿಲ್ಲ. ಊರ ಹೊರಗಿನ ವೀರಗಲ್ಲಿನಲ್ಲಿ ಕುದುರೆ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಿರಿ

ಅಂಟು, ಬಣ್ಣ, ಬಿಸಿ, ಇವುಗಳಲ್ಲಿ ಆಗುವ ಎಲ್ಲ ಎಡವಟ್ಟಿನ ಮೂಲ ಇಲ್ಲಿದೆ. ಗೊಂಬೆಯ ತಳದಿಂದ ಉಗುರಿನಷ್ಟು ಚೂರು ಕತ್ತರಿಸಿ, ಸೋಪಿನ ನೀರಿನಲ್ಲಿ ಉಜ್ಜಿ ಗಾಳಿಗುಳ್ಳೆ ಬಿಡಿಸಿ, ಒಂದು ಲೋಟ ನೀರಿಗೆ ಹಾಕಿ. ತೇಲಿದರೆ ಪಾಲಿಥಿನ್. ಮುಳುಗಿದರೆ ಅದೇ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ. ಈಗ ಮೇಲೆ ಬಂದರೆ ಗಟ್ಟಿ ಪ್ಲಾಸ್ಟಿಕ್ (ಪಾಲಿಸ್ಟೈರಿನ್ ಅಥವಾ ಎಬಿಎಸ್), ಅಲ್ಲೇ ಉಳಿದರೆ ಪಿವಿಸಿ. ಪೂರ್ತಿ ಗೊಂಬೆಯನ್ನೇ ಹಾಕಿ ನೋಡಬೇಡಿ. ಟೊಳ್ಳು ಕುದುರೆ ಯಾವ ಪ್ಲಾಸ್ಟಿಕ್ಕಿನದಾದರೂ ತೇಲುತ್ತದೆ.

ಹಸಿರು ಸೈನಿಕರು ಬಹುಪಾಲು ಪಾಲಿಥಿನ್. ಇದರ ಮೈಗೆ ಫೆವಿಕ್ವಿಕ್ ಆಗಲಿ ಅರಾಲ್ಡೈಟ್ ಆಗಲಿ ಹಿಡಿಯುವುದಿಲ್ಲ. ಅಂಟು ಒಣಗುತ್ತದೆ, ಗಟ್ಟಿಯಾಗುತ್ತದೆ, ಮೂರನೇ ದಿನ ಮಗು ಎತ್ತಿದಾಗ ಟಪ್ಪನೆ ಕಳಚುತ್ತದೆ. ಆದ್ದರಿಂದ ಪಾಲಿಥಿನ್‌ನಲ್ಲಿ ಪ್ರತಿ ಜೋಡಣೆಗೂ ಒಳಗೆ ತಂತಿಯ ಪಿನ್ ಬೇಕು, ಅಂಟು ಬರೀ ಸಂದು ತುಂಬಲು. ಪಿವಿಸಿಗೆ ಫೆವಿಕ್ವಿಕ್ ಚೆನ್ನಾಗಿ ಕೂರುತ್ತದೆ, ಆದರೆ ಎನಾಮಲ್ ಬಣ್ಣ ಅದರ ಮೇಲೆ ತಿಂಗಳಾದರೂ ಅಂಟಂಟಾಗಿಯೇ ಇರುತ್ತದೆ, ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ ಬಣ್ಣದೊಳಕ್ಕೆ ಇಳಿಯುವುದರಿಂದ. ಗಟ್ಟಿ ಪ್ಲಾಸ್ಟಿಕ್ ಅಂಟಿಗೆ ಒಳ್ಳೆಯದು, ಆಟಕ್ಕೆ ಕೆಟ್ಟದ್ದು. ಮೇಜಿನಿಂದ ಬಿದ್ದರೆ ಕುದುರೆಯ ಕಾಲು ಹೋಯಿತು.

ಅಳತೆ

ಹಸಿರು ಸೈನಿಕರಲ್ಲಿ ದೊಡ್ಡ ಜಾತಿಯದು ಸುಮಾರು 54 ಮಿ.ಮೀ., ಅಂದರೆ ನಿಜದ 32ರಲ್ಲಿ ಒಂದು ಪಾಲು. ಈ ಕೆಲಸಕ್ಕೆ ಇದೇ ಬೇಕು. ಅದಕ್ಕಿಂತ ಚಿಕ್ಕದರ ಸೊಂಟ ಕತ್ತರಿಸಿ ಪಿನ್ ಹಾಕುವುದು ಕಣ್ಣಿಗೂ ಕೈಗೂ ಶಿಕ್ಷೆ.

ಕುದುರೆಯಲ್ಲೇ ಹೆಚ್ಚಿನವರು ತಪ್ಪುವುದು. ದಖನ್ನಿನ ಕುದುರೆ ದೊಡ್ಡದಲ್ಲ. ಭೀಮಾ ತೀರದ ಭೀಮಥಡಿ ತಳಿಯಂಥವು ಗಿಡ್ಡ, ಗಟ್ಟಿ ಮೈಯವು. ಹೆಗಲಿನ ಹತ್ತಿರ 130ರಿಂದ 142 ಸೆಂ.ಮೀ. ಎಂದು ಇಟ್ಟುಕೊಂಡರೆ ನಮ್ಮ ಅಳತೆಗೆ 41ರಿಂದ 44 ಮಿ.ಮೀ. ನಾಯಕನಿಗೆ ಹೊರಗಿನಿಂದ ತರಿಸಿದ ಎತ್ತರದ ಕುದುರೆ ಕೊಡಬೇಕೆಂದರೆ 48. ಪ್ರಾಣಿಗಳ ಪ್ಯಾಕೆಟ್ಟಿನ ಕುದುರೆಯನ್ನು ಸ್ಕೇಲಿಗೆ ಹಿಡಿದು ನೋಡಿ. ಹೆಗಲು 55 ಮಿ.ಮೀ. ದಾಟಿದರೆ ಅದು ಗಾಡಿ ಎಳೆಯುವ ವಿಲಾಯತಿ ಕುದುರೆಯ ಗಾತ್ರ, ಅದರ ಮೇಲೆ ಕೂತ ಸವಾರ ಹುಡುಗನಂತೆ ಕಾಣುತ್ತಾನೆ. ಅಳೆಯಬೇಕಾದದ್ದು ಹೆಗಲನ್ನು, ಕಿವಿಯನ್ನಲ್ಲ. ಕೌಬಾಯ್ ಸೆಟ್ಟಿನ ಕುದುರೆ ಸಾಮಾನ್ಯವಾಗಿ ಈ ಮಿತಿಯೊಳಗೆ ಬರುತ್ತದೆ, ಸವಾರನ ತೊಡೆ ಅದರ ಬೆನ್ನಿಗೆ ಮೊದಲೇ ಹೊಂದಿರುತ್ತದೆ. ಸೊಂಟ ಬದಲಿಯ ದಾರಿ ಗೆಲ್ಲುವುದೇ ಇಲ್ಲಿ. ಸವಾರ ನಿಜವೆನಿಸುವುದು ತೊಡೆ ಕುದುರೆಯನ್ನು ತಬ್ಬಿದ ರೀತಿಯಿಂದ. ಮುಖ, ಮೀಸೆ, ಕತ್ತಿಯೆಲ್ಲ ಆಮೇಲೆ. ಕುದುರೆಗೂ ತೊಡೆಗೂ ನಡುವೆ ಬೆಳಕು ಕಂಡರೆ ಎಷ್ಟು ಚಂದದ ವೇಷ ಹಾಕಿದರೂ ಬಟ್ಟೆ ಒಣಹಾಕಿದಂತೆಯೇ ಕಾಣುವುದು.

ಸೊಂಟ ಬದಲಿ

ಮೊದಲು ಮೇಲರ್ಧ ಯಾರದೆಂದು ಆರಿಸಿ. ಗ್ರೆನೇಡ್ ಎಸೆಯುವವನ ಕೈ ಹಿಂದಕ್ಕೆ ಎತ್ತಿರುತ್ತದೆ, ಈಟಿ ಎಸೆಯುವವನಿಗೆ ಹೇಳಿ ಮಾಡಿಸಿದ ಭಂಗಿ. ಪಿಸ್ತೂಲು ಚಾಚಿದ ಅಧಿಕಾರಿ ಕತ್ತಿ ತೋರಿಸಿ ಪಡೆ ನಡೆಸುವ ದಳವಾಯಿ ಆಗುತ್ತಾನೆ. ನೆಲಬಾಂಬ್ ಹುಡುಕುವವನ ಎರಡೂ ಕೈ ಕೆಳಗೆ ಮುಂದಕ್ಕಿರುತ್ತವೆ, ಲಗಾಮು ಕೊಡಿ. ಬಯೊನೆಟ್ ತಿವಿಯುವವನು ಭರ್ಜಿಗೆ. ನಿಂತು ಗುರಿಯಿಡುವವನನ್ನು ಮಾತ್ರ ಮುಟ್ಟಬೇಡಿ. ಬಂದೂಕು, ಕೆನ್ನೆ, ಎರಡು ಕೈ ಒಂದೇ ಮುದ್ದೆಯಾಗಿ ಅಚ್ಚಾಗಿರುತ್ತವೆ, ಬಿಡಿಸುವಷ್ಟರಲ್ಲಿ ಮುಖ ಹೋಗಿರುತ್ತದೆ.

ಸೈನಿಕನನ್ನು ಬೆಲ್ಟಿನ ಕೆಳಗಂಚಿಗೆ, ಕೌಬಾಯಿಯನ್ನು ಬೆಲ್ಟಿನ ಮೇಲಂಚಿಗೆ ಕತ್ತರಿಸಿ. ಎರಡೂ ಕಡೆ ತುಸು ಹೆಚ್ಚು ಉಳಿದಿರುತ್ತದೆ, ಒಂದಕ್ಕೊಂದು ಹಿಡಿದು ನೋಡಿ ಸವರುತ್ತ ಬನ್ನಿ. ಗರಗಸ ಬೇಡ, ಪಾಲಿಥಿನ್ ಮೇಲೆ ಅದು ನಾರು ಏಳಿಸುತ್ತದೆ. ಹೊಸ ಬ್ಲೇಡಿನ ಕಟರ್ ಇಟ್ಟು, ಗೊಂಬೆಯನ್ನು ಹಲಗೆಯ ಮೇಲೆ ಉರುಳಿಸುತ್ತ ಸುತ್ತಲೂ ಗೀರಿ, ಆಮೇಲೆ ಒತ್ತಿ. ಸೊಂಟದ ಅಗಲದಲ್ಲಿ ಒಂದು ಮಿ.ಮೀ. ವ್ಯತ್ಯಾಸ ಎಂ-ಸೀಲಿನಡಿ ಅಡಗುತ್ತದೆ. ಎರಡು ಮಿ.ಮೀ. ಆದರೆ ಜೋಡಿ ಬದಲಿಸಿ.

ಪಿನ್ನಿಗೆ ಪೇಪರ್ ಕ್ಲಿಪ್ಪಿನ ತಂತಿ ಸಾಕು. 10 ಮಿ.ಮೀ. ತುಂಡು, ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ತೂತಿಗೆ ತಂತಿಗಿಂತ ಕೂದಲೆಳೆಯಷ್ಟು ಸಣ್ಣ ಡ್ರಿಲ್ ಬಿಟ್ ಒಳ್ಳೆಯದು. ಇಲ್ಲದಿದ್ದರೆ ಕಾಯಿಸಿದ ದಬ್ಬಣ. ಇಕ್ಕಳದಲ್ಲಿ ಹಿಡಿದು ಚುಚ್ಚಿ, ಕಿಟಕಿ ತೆರೆದಿಡಿ, ತೂತಿನ ಬಾಯಲ್ಲಿ ಏಳುವ ಉಂಗುರವನ್ನು ಕೊಯ್ದು ಹಾಕಿ. ಆ ಉಂಗುರ ಉಳಿದರೆ ಎರಡು ಭಾಗ ಎಂದೂ ಕೂಡಿ ಕೂರುವುದಿಲ್ಲ, ಎಷ್ಟೋ ಜನ ತಪ್ಪು ಅಂಟಿನ ಮೇಲೆ ಹೊರಿಸುತ್ತಾರೆ. ಒಂದೇ ಪಿನ್ ಇದ್ದರೆ ಮೈ ತಿರುಗುತ್ತಿರುತ್ತದೆ. ನೇರವಾಗಿ ಅಂಟಿಸುವ ಬದಲು ಮೇಲರ್ಧವನ್ನು 10-15 ಡಿಗ್ರಿ ಓರೆ ತಿರುಗಿಸಿ ಎರಡನೇ ಸಣ್ಣ ಪಿನ್ ಹಾಕಿದರೆ ಬಿಗಿಯೂ ಆಯಿತು, ಕತ್ತಿ ಬೀಸುವ ಸೊಂಟವೂ ಬಂತು. ಪಕ್ಕದಿಂದ ನೋಡಿದಾಗ ಕಿವಿ, ಸೊಂಟ, ಹಿಮ್ಮಡಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಲಿ. ಮಿಲಿಟರಿ ಭಂಗಿಗಳು ಮುಂದಕ್ಕೆ ಬಾಗಿರುವುದರಿಂದ ಕೊಯ್ತವನ್ನು ಹಿಂದೆ ಸ್ವಲ್ಪ ಹೆಚ್ಚು ಸವರಬೇಕಾಗುತ್ತದೆ.

ಕೌಬಾಯ್ ಕಾಲಿನಲ್ಲಿ ಪಿಸ್ತೂಲಿನ ಚೀಲ, ಬೂಟಿನ ಹಿಮ್ಮಡಿ, ಮುಳ್ಳುಚಕ್ರ ಮೂರನ್ನೂ ಕೊಯ್ದುಬಿಡಿ. ಅದರ ಮೇಲೆ ಅಂಗಿಯ ಕೆಳಭಾಗ ಬರುತ್ತದೆ. ಎಂ-ಸೀಲನ್ನು ಪೌಡರ್ ಹಚ್ಚಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ನಾಲ್ಕು ದಳ ಕತ್ತರಿಸಿ ಎರಡೆರಡು ತೊಡೆಯ ಮೇಲೆ ಇಳಿಬಿಡಿ. ಬ್ಲೇಡಿನ ಬೆನ್ನಿನಿಂದ ಉದ್ದುದ್ದ ಗೆರೆ ಒತ್ತಿದರೆ ಹತ್ತಿ ತುಂಬಿದ ಅಂಗಿ. ಬ್ಯಾಂಡೇಜ್ ಬಟ್ಟೆಯನ್ನು ಒತ್ತಿ ತೆಗೆದರೆ ಸರಪಳಿ ಕವಚ. ಈ ದಳಗಳು ಸೊಂಟದ ಕೂಡುಗೆರೆಯನ್ನು ಸುತ್ತಿ ಹಿಡಿಯುವುದರಿಂದ, ಪಾಲಿಥಿನ್‌ಗೆ ಅಂಟದಿದ್ದರೂ ಜಾರುವುದಿಲ್ಲ.

ಮುಂಡಾಸಿಗೆ ಹೆಲ್ಮೆಟ್ಟಿನ ಅಂಚು ಕೊಯ್ದು ಗುಂಡಗೆ ಮಾಡಿ. ಎಂ-ಸೀಲನ್ನು ಒಂದೂವರೆ ಮಿ.ಮೀ. ದಪ್ಪದ ಹುರಿಯಾಗಿ ಹೊಸೆದು, ಹಣೆಯಿಂದ ಶುರುಮಾಡಿ ಓರೆಯಾಗಿ ಮೂರು ಸುತ್ತು ಸುತ್ತಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಒದ್ದೆ ಬೆರಳಿನಿಂದ ತುಸು ಅದುಮಿ, ಗುಂಡುಸೂಜಿಯ ಮೊನೆಯಿಂದ ನಾಲ್ಕು ಮಡಿಕೆ ಎಳೆಯಿರಿ. ನಯ ಮಾಡಲು ಹೋಗಬೇಡಿ, ನಯವಾದ ಮುಂಡಾಸು ಮೋಟರ್‌ಸೈಕಲ್ ಹೆಲ್ಮೆಟ್ಟಾಗುತ್ತದೆ. ಸೆರಗಿನ ತುದಿ ಬೆನ್ನ ಮೇಲೆ ಅರ್ಧ ಸೆಂ.ಮೀ. ಇಳಿದರೆ ಸಾಕು.

ಕತ್ತಿಗೆ ಒಂದು ಉಪಾಯವಿದೆ, ಇದನ್ನು ಬಿಡಬೇಡಿ. ಬಂದೂಕನ್ನು ಕಿತ್ತು ಬೇರೆ ಕತ್ತಿ ಅಂಟಿಸುವ ಬದಲು ಬಂದೂಕಿನ ನಳಿಕೆಯನ್ನೇ ಕತ್ತಿ ಮಾಡಿ. ನಳಿಕೆಯನ್ನು ಕುದಿನೀರಲ್ಲಿ ಒಂದು ನಿಮಿಷ ಅದ್ದಿ, ಬಟ್ಟೆ ಸುತ್ತಿದ ಇಕ್ಕಳದಲ್ಲಿ ಚಪ್ಪಟೆ ಒತ್ತಿ, ತಣ್ಣೀರಿಗೆ ಹಿಡಿದು, ಆಮೇಲೆ ಬಾಗಿದ ಅಲಗಾಗಿ ಕೊಯ್ಯಿರಿ. ಕೈಯೊಂದಿಗೇ ಅಚ್ಚಾದ ಪ್ಲಾಸ್ಟಿಕ್ ಆದ್ದರಿಂದ ಮುರಿಯದು, ಕಳಚದು. ಎಂ-ಸೀಲಿನ ಕತ್ತಿ ಮೊದಲ ಕಾಳಗದಲ್ಲೇ ತುಂಡು.

ಎಂ-ಸೀಲೋ, ಮೌಲ್ಡ್ ಇಟ್ಟೋ

ಎರಡೂ ಎರಡು ಮುದ್ದೆ ಬೆರೆಸುವ ಎಪಾಕ್ಸಿಯೇ. ಎಂ-ಸೀಲ್ ಭಾರ, ಬೇಗ ಬಿಗಿಯುತ್ತದೆ, ಒಣಗಿದ ಮೇಲೆ ಗಟ್ಟಿ. ತಡಿ, ಅಂಗಿ, ತಳ ಇವಕ್ಕೆ ಇದು. ಕಸೂತಿ ಸಾಮಾನಿನ ಅಂಗಡಿಯ ಮೌಲ್ಡ್ ಇಟ್ ಹಗುರ, ನಿಧಾನ, ಸಣ್ಣ ಗೆರೆ ಚೆನ್ನಾಗಿ ಹಿಡಿಯುತ್ತದೆ, ಆದರೆ ತೆಳುವಾದರೆ ಚಕ್ಕೆ ಏಳುತ್ತದೆ. ಮುಖ, ಮೀಸೆ, ಆಭರಣ ಅದರಲ್ಲಿ ಮಾಡಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಎರಡೂ ಬೇಗ ಗಟ್ಟಿಯಾಗುತ್ತವೆ, ಆದ್ದರಿಂದ ಒಂದು ಸಲಕ್ಕೆ ಇಬ್ಬರು ಸವಾರರಿಗೆ ಆಗುವಷ್ಟೇ ಬೆರೆಸಿ, ಬಣ್ಣದ ಗೆರೆ ಪೂರ್ತಿ ಮಾಯವಾಗುವವರೆಗೆ ನಾದಿ. ಅರೆಬೆರಕೆಯಾದದ್ದು ವಾರವಾದರೂ ಮೆತ್ತಗೇ ಇರುತ್ತದೆ. ಕೈಗೆ ಗ್ಲೌಸ್ ಇರಲಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಕಾಲು ಬಗ್ಗಿಸುವ ದಾರಿ

ಕೇಳಲು ಇದೇ ಸುಲಭ. ಗೊಂಬೆ ಒಂದೇ ಸಾಕು, ಕೌಬಾಯ್ ಬೇಡ. ಪಿವಿಸಿ ಗೊಂಬೆಯಾದರೆ ನಿಜಕ್ಕೂ ಸುಲಭ. ಬಿಸಿನೀರಲ್ಲಿ ಒಂದೆರಡು ನಿಮಿಷ, ಕುದುರೆಯ ಮೇಲೆ ಒತ್ತಿ ಹಿಡಿದು ತಣ್ಣೀರು, ಆಯಿತು. ಪಾಲಿಥಿನ್ ಹಾಗಲ್ಲ. ಅದು ಹಳೆಯ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಬಗ್ಗಿಸಿದ್ದು ಅಂದು ನಿಲ್ಲುತ್ತದೆ, ಬೇಸಿಗೆಯಲ್ಲಿ ತಗಡಿನ ಮಾಡಿನಡಿ ಒಂದು ಮಧ್ಯಾಹ್ನ ಇಟ್ಟರೆ ಕಾಲು ಮೆಲ್ಲಗೆ ನೆಟ್ಟಗಾಗಿ ಸವಾರ ತಡಿಯಿಂದ ಎದ್ದು ನಿಲ್ಲುತ್ತಾನೆ. ತಡೆಯಬೇಕೆಂದರೆ ಸೊಂಟದ ಮುಂದೆ, ಮಂಡಿಯ ಹಿಂದೆ, ತೊಡೆಸಂದಿನಲ್ಲಿ ವಿ ಆಕಾರದ ಕೊಯ್ತ, ಪ್ರತಿ ಕೀಲಿಗೂ ಪಿನ್, ಮೇಲೆ ಎಂ-ಸೀಲ್. ಅಷ್ಟು ಹೊತ್ತಿಗೆ ಸೊಂಟ ಬದಲಿಯಲ್ಲಿ ಮೂವರು ಸವಾರರು ಮುಗಿದಿರುತ್ತಾರೆ. ಕೌಬಾಯ್ ಸೆಟ್ ಸಿಗದಿದ್ದಾಗ, ಬೇಕಾದದ್ದು ಒಬ್ಬಿಬ್ಬರು ಮಾತ್ರ ಎಂದಾಗ ಈ ದಾರಿ.

ನೈಟ್ ಸವಾರನಿಗೆ ನಮ್ಮ ವೇಷ

ದುಡ್ಡು ಹೆಚ್ಚು, ಕೈಕೆಲಸ ಕಡಿಮೆ. ಮುಚ್ಚಿದ ಹೆಲ್ಮೆಟ್ಟಿನ ತಲೆ ತೆಗೆದು ಮುಂಡಾಸಿನ ತಲೆ, ಮೊನಚು ತಳದ ಉದ್ದ ಗುರಾಣಿ ತೆಗೆದು ದುಂಡನೆಯದು. ಕುದುರೆಗೆ ಹೊದಿಸಿದ ನಿಲುವಂಗಿ ಹಾಗೇ ಇರಲಿ, ವಿಜಯನಗರದ ಕುದುರೆಗಳಿಗೂ ಮೈತುಂಬ ಹೊದಿಕೆ, ಹಣೆಗೆ ತಗಡು ಇದ್ದುದನ್ನು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬರೆದಿದ್ದಾನೆ. ಅದರ ಮೇಲಿನ ಸಿಂಹ, ಶಿಲುಬೆಯ ಗುರುತುಗಳನ್ನು ಮಾತ್ರ ಕೆರೆದು ತೆಗೆಯಿರಿ. ತೊಂದರೆ ಕೈಕಾಲಿನ ಉಕ್ಕಿನ ತಗಡು. ಅದು ಮೈಯೊಂದಿಗೇ ಅಚ್ಚಾಗಿರುತ್ತದೆ, ಎಷ್ಟು ಮುಚ್ಚಿದರೂ ಮೊಣಕಾಲಿನ ಚಿಪ್ಪು ಇಣುಕುತ್ತದೆ. ಸೆಟ್ಟು ಯುರೋಪಿನ ಕೋಟೆಯದಾದರೆ ಇದನ್ನು ಮುಟ್ಟದೆ ಹಾಗೇ ನಿಲ್ಲಿಸಿ. ದುರ್ಗದ ಸೆಟ್ಟಿನಲ್ಲಿ ಇದು ಒಬ್ಬ ನಾಯಕನಿಗೆ ಸರಿ, ಪಡೆಗಲ್ಲ.

ತಂತಿ, ಎಂ-ಸೀಲಿನ ದಾರಿ ಕೆತ್ತನೆ ಬಲ್ಲವರಿಗೆ. ಗಾಜಿನ ಕಪಾಟಿಗೆ ಚಂದ. ಮಕ್ಕಳ ಕೈಗೆ ಕೊಡುವುದಾದರೆ ಬೇಡ, ಬಿದ್ದಲ್ಲಿ ತೋಳು ಕಳಚುತ್ತದೆ.

ಬಣ್ಣ ಮತ್ತು ತಳ

ಮೊದಲು ಪಾತ್ರೆ ತೊಳೆಯುವ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೈಮೇಲಿರುತ್ತದೆ. ಪಾಲಿಥಿನ್‌ಗೆ ಎರಡು ದಾರಿ. ನೀರು ಬೆರೆಸಿದ ಫೆವಿಕಾಲಿನ ತೆಳು ಪದರ ಹಚ್ಚಿ ಒಣಗಿಸಿ ಮೇಲೆ ಬಟ್ಟೆಯ ಅಕ್ರಿಲಿಕ್ ಬಣ್ಣ ಹಚ್ಚುವುದು ಅಗ್ಗದ್ದು. ಬಟ್ಟೆಯ ಬಣ್ಣ ಬಾಗುವುದರಿಂದ ಬೇಗ ಬಿರಿಯದು. ಇನ್ನೂ ಗಟ್ಟಿ ಬೇಕೆಂದರೆ ಕಾರಿನ ಬಂಪರಿಗೆ ಹೊಡೆಯುವ ಪಿಪಿ ಪ್ರೈಮರ್. ದಾವಣಗೆರೆಯ ಪಿ.ಬಿ. ರಸ್ತೆಯ ಕಡೆಯ ಆಟೋ ಪೇಂಟ್ ಅಂಗಡಿಗಳಲ್ಲಿ ಕೇಳಿ. ಇದನ್ನು ಕೋಟೆಯ ಹತ್ತಿರ ಹೊಡೆಯಬೇಡಿ, ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗಿ ಬುರುಜು ಕುಸಿಯುತ್ತದೆ. ಮೊದಲು ಕಿತ್ತುಬರುವುದು ಕುದುರೆಯ ಮೊಣಕಾಲು, ಕತ್ತಿಯ ತುದಿ. ಅಲ್ಲಿ ಬಣ್ಣ ತೆಳುವಾಗಿರಲಿ. ಎಲ್ಲ ಕುದುರೆಯೂ ಬಿಳಿ ಆಗಬಾರದು. ಪಡೆಯಲ್ಲಿ ಕಂದು ಹೆಚ್ಚು, ಕಪ್ಪು ಒಂದೆರಡು, ಬಿಳಿ ನಾಯಕನಿಗೆ.

ಹತ್ತು ಸವಾರರಿಗೆ ಹತ್ತು ಕೌಬಾಯ್ ಸವಾರರು ಕುದುರೆ ಸಮೇತ, ಒಳ್ಳೆಯ ಭಂಗಿಯ ಹದಿನೈದು ಸೈನಿಕರು (ಐದು ಹಾಳಾಗುವ ಲೆಕ್ಕಕ್ಕೆ), ಸುಮಾರು 100 ಗ್ರಾಂ ಎಂ-ಸೀಲ್, ಇಪ್ಪತ್ತು ಪೇಪರ್ ಕ್ಲಿಪ್. ಗುರಾಣಿಗೆ 15 ಮಿ.ಮೀ. ಕೋಟಿನ ಗುಂಡಿ ಹತ್ತು, ನಿಜದ ಅಳತೆಯಲ್ಲಿ ಅರ್ಧ ಮೀಟರಿಗೆ ಹತ್ತಿರ. ಹಿಂದೆ ಕೊಂಡಿಯಿರುವ ಗುಂಡಿ ತನ್ನಿ, ಕೊಂಡಿಯೊಳಗೆ ಕೈಯ ಪಿನ್ ತೂರಿಸಬಹುದು. ನಾಲ್ಕು ತೂತಿನದಾದರೆ ತೂತು ಮುಚ್ಚುವುದೇ ಒಂದು ಕೆಲಸ. ಲಗಾಮಿಗೆ ಫೆವಿಕಾಲ್ ಸವರಿದ ಹತ್ತಿ ದಾರ, ಸವಾರ ಪಾದ ಇಡುವ ರಿಕಾಪಿಗೆ ವೈರಿನೊಳಗಿನ ತಾಮ್ರದ ಎಳೆ.

ಕುದುರೆಗೆ 30 ಗುಣಿಸು 60 ಮಿ.ಮೀ. ತಳ ಕೊಡಿ, ಕಾರ್ಪೆಂಟರ್ ಬಿಸಾಡುವ ಸನ್ಮೈಕಾ ತುಂಡು ಸಾಕು. ಅಡಿಗೆ ಎರಡು ಕಬ್ಬಿಣದ ವಾಷರ್ ಅಂಟಿಸಿದರೆ ಮುಂಗಾಲೆತ್ತಿದ ಕುದುರೆಯೂ ಮಗುಚುವುದಿಲ್ಲ. ಸವಾರನ ಒಟ್ಟು ಎತ್ತರ 75 ಮಿ.ಮೀ. ಆಸುಪಾಸು ಬರುತ್ತದೆ, ಈಟಿ ಬೇರೆ. ಕೋಟೆ ಬಾಗಿಲನ್ನು 110 ಎತ್ತರ, 60 ಅಗಲಕ್ಕಿಂತ ಕಿರಿದು ಮಾಡಿದರೆ ಪಡೆ ಹೊರಗೇ ಉಳಿಯುತ್ತದೆ. ಕೋಟೆಯನ್ನು ಮೊದಲೇ ಕಟ್ಟಿಬಿಟ್ಟವರು ಈಗಲೇ ಅಳೆದು ನೋಡುವುದು ಒಳಿತು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಗುಂಡಿ ಗುರಾಣಿ ಬೇಡ.

ಈಟಿಗೆ ತೆಂಗಿನ ಕಡ್ಡಿಪೊರಕೆಯ ಕಡ್ಡಿಗಿಂತ ಒಳ್ಳೆಯದು ಇಲ್ಲ. ತುದಿಗೆ ಹೋದಂತೆ ತಾನೇ ಸಣ್ಣಗಾಗುತ್ತದೆ, ಬಾಗುತ್ತದೆ, ಕಣ್ಣಿಗೆ ತಗುಲಿದರೂ ತಂತಿಯಷ್ಟು ಅಪಾಯವಿಲ್ಲ. 95 ಮಿ.ಮೀ. ಕತ್ತರಿಸಿ ಮೊನೆಗೆ ಒಂದು ಹನಿ ಫೆವಿಕಾಲ್ ಗುಂಡಗೆ ಕಟ್ಟಿ. ಮುಷ್ಟಿಯಲ್ಲಿ ಬಿಗಿಯಾದ ತೂತು ಕೊರೆದು ಸಿಕ್ಕಿಸಿ, ಅಂಟಿಸಬೇಡಿ. ಮುರಿದ ದಿನ ಪೊರಕೆಯಿಂದ ಇನ್ನೊಂದು ಕಡ್ಡಿ ಎಳೆದರೆ ಮುಗಿಯಿತು.